ಒಂಬತ್ತು ಗಂಟೆಯ ಫೋನು

ಆ ಫೋನಿಗೆ ಡಯಲ್ ಇರಲಿಲ್ಲ. ಎತ್ತಿದರೆ ಸಾಕು, ನದಿಯಾಚೆಯ ದೇಶದ ವಿದೇಶಾಂಗ ಕಚೇರಿಯಲ್ಲಿ ಇಂಥದ್ದೇ ಇನ್ನೊಂದು ಕರಿ ಫೋನು ಬಡಿದುಕೊಳ್ಳುತ್ತಿತ್ತು. ಅದಕ್ಕೆಂದೇ ಎರಡನೆಯ ಮಹಡಿಯ ತುದಿಯಲ್ಲಿ, ಕಾಗದ ಪೆನ್ಸಿಲ್ಲುಗಳ ಉಗ್ರಾಣಕ್ಕೆ ಅಂಟಿಕೊಂಡಂತೆ ಒಂದು ಕೋಣೆ ಇತ್ತು. ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಗೋಡೆಗೊಂದು ಗಡಿಯಾರ, ಒಂದು ರಿಜಿಸ್ಟರು. ಇಪ್ಪತ್ತೆರಡು ವರ್ಷಗಳಿಂದ ಆ ಕುರ್ಚಿಯಲ್ಲಿ ಕೂತವಳನ್ನು ಕಚೇರಿಯವರೆಲ್ಲ ‘ಒಂಬತ್ತು ಗಂಟೆ ಮೇಡಂ’ ಎಂದು ಕರೆಯುತ್ತಿದ್ದರು. ಅವಳನ್ನು ಕಂಡು ಕೈಗಡಿಯಾರ ಸರಿಮಾಡಿಕೊಳ್ಳುವ ಗುಮಾಸ್ತರೂ ಇದ್ದರು.

ಎರಡೂ ದೇಶಗಳು ಹಿಂದೆ ಒಂದೇ ಆಗಿದ್ದವು. ಒಂದೇ ಭಾಷೆ, ಒಂದೇ ಜೋಗುಳ, ಮಕ್ಕಳನ್ನು ಬೈಯುವ ಬೈಗುಳವೂ ಒಂದೇ. ಮಂತ್ರಿಗಳು ಭಾಷಣಕ್ಕೆ ನಿಂತರೆ ‘ನಾವು ಒಂದೇ ಬೇರಿನ ಎರಡು ಕೊಂಬೆಗಳು’ ಎಂದು ಶುರುಮಾಡದೆ ಇರುತ್ತಿರಲಿಲ್ಲ. ಹಾಗೆ ಶುರುವಾದ ಭಾಷಣ ಆಚೆಯವರನ್ನು ಬಯ್ಯದೆ ಮುಗಿಯುತ್ತಲೂ ಇರಲಿಲ್ಲ. ಒಂದು ಸಲ ಯಾರೋ ಏನನ್ನೋ ತಪ್ಪು ತಿಳಿದು ನದಿಯ ಸೇತುವೆಯ ಮೇಲೆ ಗುಂಡು ಹಾರಿಸಿ, ಎರಡೂ ಕಡೆ ಸೇರಿ ನಲವತ್ತು ಜನ ಸತ್ತರು. ಸೇತುವೆ ಮುಚ್ಚಿತು. ಇನ್ನೊಮ್ಮೆ ಹಾಗಾಗದಿರಲಿ ಎಂದು ಈ ಫೋನು ಬಂತು. ಅದು ಕೆಟ್ಟುಹೋಗಿಲ್ಲ ಎಂದು ದಿನವೂ ಬೆಳಿಗ್ಗೆ ಒಂಬತ್ತಕ್ಕೆ ಮಾತಾಡಿ ನೋಡಬೇಕು, ಸರಿ ತಾರೀಕಿನಂದು ಈಚೆಯವರು, ಬೆಸ ತಾರೀಕಿನಂದು ಆಚೆಯವರು ಕರೆಯಬೇಕು, ನಿಯಮ ಪುಸ್ತಕದ ಮೂರನೆಯ ಪುಟ ಓದಬೇಕು, ಹೆಸರು ಹೇಳಕೂಡದು, ಆಮೇಲೆ ರಿಜಿಸ್ಟರಿನಲ್ಲಿ ‘ಮಾರ್ಗ ಸ್ಪಷ್ಟವಾಗಿದೆ’ ಎಂದು ಬರೆದು ಸಹಿ ಹಾಕಬೇಕು. ಇಷ್ಟು ಅವಳ ಕೆಲಸ.

ಮೂರನೆಯ ಪುಟದಲ್ಲಿ ಇದ್ದದ್ದು ಒಂದರಿಂದ ಇಪ್ಪತ್ತರವರೆಗಿನ ಎಣಿಕೆ, ಜತೆಗೆ ಹವಾಮಾನದ ಮೇಲೆ ಜೀವವಿಲ್ಲದ ಮೂರು ವಾಕ್ಯ. ಎರಡು ತಿಂಗಳಲ್ಲಿ ಅವಳಿಗೂ ಆಚೆ ತುದಿಯಲ್ಲಿ ಫೋನು ಹಿಡಿಯುವವಳಿಗೂ ಅದು ಬಾಯಿಪಾಠವಾಗಿಹೋಯಿತು. ಎಷ್ಟರ ಮಟ್ಟಿಗೆಂದರೆ, ಒಂದು ವಾರವಿಡೀ ತಂತಿ ಅರ್ಧ ಮಾತನ್ನು ನುಂಗುತ್ತಿದ್ದರೂ ಇಬ್ಬರಿಗೂ ತಿಳಿಯಲಿಲ್ಲ. ಕೇಳಿಸದ ಮಾತನ್ನು ಕಿವಿ ತಾನೇ ತುಂಬಿಕೊಳ್ಳುತ್ತಿತ್ತು. ಲೈನ್‌ಮನ್ ಬಂದು ರಿಪೇರಿ ಮಾಡಿ ಹೋದ ಮರುದಿನ ಆಚೆಯವಳು, ಅಲ್ಲಿಯವರೆಗೆ ಎಣಿಕೆ ಬಿಟ್ಟು ಬೇರೆ ಮಾತೇ ಆಡದಿದ್ದವಳು, ಹೀಗೆಂದಳು: “ನೋಡು ತಂಗಿ, ಈ ಬಾಯಿಪಾಠದಿಂದ ಆಗೋದು ಹೋಗೋದು ಏನಿಲ್ಲ. ದಿನಾ ಹೊಸದೇನಾದ್ರೂ ಹೇಳೋಣ. ಒಬ್ರು ಹೇಳೋದು, ಇನ್ನೊಬ್ರು ಅದನ್ನೇ ಒಂದಕ್ಷರ ಬಿಡದೆ ತಿರುಗಿ ಹೇಳೋದು. ಸರಿಯಾಗಿ ಬಂದ್ರೆ ತಂತಿ ಸರಿಯಾಗಿದೆ ಅಂತ. ಏನಂತೀಯಾ?”

“ಹೊಸದು ಅಂದ್ರೆ ಏನ್ ಹೇಳೋದು?”

“ಅಯ್ಯೋ, ಮನೇಲಿ ಒಲೆ ಹಚ್ಚಲ್ವೇನೆ? ಅದನ್ನೇ ಹೇಳು.”

ಆವತ್ತಿನಿಂದ ಅವಳು ಇವಳ ಪಾಲಿಗೆ ಆಚೆಯಕ್ಕನಾದಳು. ಕರೆದವರು ಹೇಳುವುದು, ಎತ್ತಿಕೊಂಡವರು ತಿರುಗಿ ಹೇಳುವುದು. ಮೂವತ್ತೊಂದು ದಿನದ ತಿಂಗಳು ಮುಗಿದಾಗ ಅಕ್ಕನಿಗೆ ಎರಡು ಬೆಸ ದಿನ ಬೆನ್ನುಬೆನ್ನಿಗೆ ಸಿಗುತ್ತಿತ್ತು. ಅದಕ್ಕೆ ಇವಳಿಗೆ ಹೊಟ್ಟೆಯುರಿ. ತಮಾಷೆಯೆಂದರೆ, ಒಂದಕ್ಷರವೂ ಬದಲಾಗಕೂಡದಲ್ಲ, ಹಾಗಾಗಿ ಮದುವೆಯೇ ಆಗದ ಇವಳು ಕಚೇರಿಯಲ್ಲಿ ಕೂತು, “ಇವತ್ತು ಹಾಲು ಉಕ್ಕಿಸಿಬಿಟ್ಟಳು ಅಂತ ನನ್ನ ಸೊಸೆ ಮೇಲೆ ರೇಗಿದೆ,” ಎಂದು ಗಂಭೀರವಾಗಿ ಒಪ್ಪಿಸಬೇಕಾಗುತ್ತಿತ್ತು. ಉಗ್ರಾಣದ ಗುಮಾಸ್ತ ಗೋಡೆಯಾಚೆ ಕಿಸಿಕಿಸಿ ನಗುತ್ತಿದ್ದ. ಇವಳು ತಾಯಿಯ ಕೆಮ್ಮಿನ ಸುದ್ದಿ ಹೇಳಿದ ದಿನ ಅಕ್ಕ, “ನನ್ನ ಅಮ್ಮನಿಗೆ ರಾತ್ರಿಯೆಲ್ಲ ಕೆಮ್ಮು,” ಎಂದು ತಿರುಗಿ ಹೇಳಿ, ನಿಯಮ ಮೀರಿ, “ಬಿಸಿನೀರಿನ ಆವಿ ಹಿಡೀಸೆ,” ಎಂದು ಸೇರಿಸಿದ್ದಳು.

ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಕ್ಕ ಕರೆದು, “ನನ್ನ ಗಂಡ ನಿನ್ನೆ ತೀರಿಕೊಂಡರು,” ಎಂದಿದ್ದಳು. ಅಷ್ಟೇ. ಆಚೆ ತುದಿಯಲ್ಲಿ ಅಕ್ಕ ಕಾಯುತ್ತಿದ್ದಾಳೆಂದು ಇವಳಿಗೆ ಗೊತ್ತಿತ್ತು. “ನನ್ನ ಗಂಡ ನಿನ್ನೆ ತೀರಿಕೊಂಡರು,” ಎಂದು ತಿರುಗಿ ಹೇಳಿ, ಫೋನು ಹಿಡಿದುಕೊಂಡೇ ಅತ್ತಳು. ಆ ದಿನ ಅವಳಿಗೆ ನಿಜವಾಗಿಯೂ ತನ್ನ ಮನೆಯಲ್ಲೇ ಸಾವಾದ ಹಾಗಿತ್ತು.

ಅವಳ ತಾಯಿ ಹುಟ್ಟಿದ್ದು ಸೇತುವೆಯ ಆಚೆ ತುದಿಯ ಪೇಟೆಯಲ್ಲಿ. ಸಂಜೆ ಮಗಳು ಚಪ್ಪಲಿ ಬಿಡುವುದರೊಳಗೆ, “ಇವತ್ತೇನಂತೆ ನಿನ್ನ ಅಕ್ಕಂದು?” ಎಂದು ಕೇಳಿಯೇ ತೀರಬೇಕು. ಕೇಳಿ ಮುಗಿದ ಮೇಲೆ, “ಸೇತುವೆ ತೆಗೆದ ದಿನ ನಾನೇ ಮೊದಲು ದಾಟೋದು. ನಮ್ಮನೆ ಬಾಗಿಲಲ್ಲಿ ನಿಂತು ಒಂದು ಲೋಟ ನೀರು ಕೇಳಿ ಕುಡೀತೀನಿ, ಅಷ್ಟೇ ನಂಗೆ,” ಎನ್ನುತ್ತಿದ್ದಳು. ಅಕ್ಕತಂಗಿಯರ ನಡುವೆಯೂ ಮಾತಾಗಿತ್ತು. ಸೇತುವೆ ತೆಗೆದ ಮೊದಲ ದಿನ ಇಬ್ಬರೂ ನಟ್ಟನಡುವೆ ನಿಂತು ಮುಖ ನೋಡಿಕೊಳ್ಳುವುದು.

ಈ ಮೂರು ಜನರ ನಡುವೆ ನಾಲ್ಕನೆಯವರೊಬ್ಬರು ಇದ್ದರು. ಮೂರು ವರ್ಷದ ಹಿಂದೆ ವರ್ಗವಾಗಿ ಬಂದ ಉಪಕಾರ್ಯದರ್ಶಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದರಿಂದ ಕಚೇರಿ ಅವರಿಗೆ ಬೆಣ್ಣೆ ಸಾಹೇಬರು ಎಂದು ಹೆಸರಿಟ್ಟಿತ್ತು. ಇವರು ದಿನವೂ ಒಂಬತ್ತೂ ಹತ್ತಕ್ಕೆ ಖುದ್ದಾಗಿ ಉಗ್ರಾಣಕ್ಕೆ ಬಂದು ಒಂದು ಡಬ್ಬಿ ಗುಂಡುಸೂಜಿ ಕೇಳಿ ಪಡೆದು, ಹೋಗುವಾಗ ಇವಳ ಬಾಗಿಲಲ್ಲಿ ನಿಂತು, “ಆಚೆಯಕ್ಕ ಹೇಗಿದ್ದಾರಮ್ಮ?” ಎನ್ನುತ್ತಿದ್ದರು. ಒಬ್ಬ ಮನುಷ್ಯನಿಗೆ ಅಷ್ಟೊಂದು ಗುಂಡುಸೂಜಿ ಯಾಕೆ ಬೇಕೆಂದು ಇವಳು ಕೇಳಲಿಲ್ಲ, ಪುಣ್ಯಾತ್ಗಿತ್ತಿ. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ಆ ಕೋಣೆಯ ಬಾಗಿಲಿಗೆ ಯಾರೂ ಬಂದು ನಿಂತಿರಲಿಲ್ಲ. ದೊಡ್ಡ ಹುದ್ದೆಯವರು ತಾಯಿಯ ಕೆಮ್ಮನ್ನೂ ನೆನಪಿಟ್ಟು ವಿಚಾರಿಸುತ್ತಾರಲ್ಲ ಎಂದು ಅವಳಿಗೆ ಸಂತೋಷ. ಅಕ್ಕನ ಸೊಸೆ, ಅಕ್ಕನ ಮಂಡಿನೋವು, ಕಾವಲು ಪಡೆಯಲ್ಲಿದ್ದ ಅಕ್ಕನ ಮಗನನ್ನು ಗಡಿಗೆ ಹಾಕಿ ರಜೆ ಕೊಡದಿದ್ದು, ಎಲ್ಲವನ್ನೂ ಚಾಚೂ ತಪ್ಪದೆ ಹೇಳುತ್ತಿದ್ದಳು. ಕೇಳುವ ಕಿವಿ ಸಿಕ್ಕಿದ್ದೇ ಅವಳಿಗೆ ಹೆಚ್ಚಾಗಿತ್ತು.

ಆ ವರ್ಷ ಸೇತುವೆ ತೆರೆಯುವ ಮಾತುಕತೆ ಶುರುವಾಯಿತು. ಎಲ್ಲ ಒಪ್ಪಿಗೆಯಾಗಿ ಒಂದೇ ವಿಷಯಕ್ಕೆ ಕಗ್ಗಂಟಾಗಿ ನಿಂತಿತು. ಸೇತುವೆಯ ಎರಡು ತುದಿಗಳಲ್ಲೂ ಕಾವಲಿನವರಿದ್ದರು. ಮೊದಲು ಯಾರು ಹಿಂದೆ ಸರಿಯಬೇಕು? ನೀವು ಸರಿಯಿರಿ ಎಂದು ಇವರು, ನೀವೇ ಸರಿಯಿರಿ ಎಂದು ಅವರು. ಆರು ತಿಂಗಳು ಪತ್ರ ಬರೆದರು. ಇವರ ಪತ್ರವನ್ನು ಅವರು ನಂಬಲಿಲ್ಲ, ಅವರ ಪತ್ರವನ್ನು ಇವರು ನಂಬಲಿಲ್ಲ. ಒಂದೇ ಬೇರಿನ ಕೊಂಬೆಗಳಲ್ಲವೇ, ಒಬ್ಬರ ಗುಣ ಇನ್ನೊಬ್ಬರಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಮಂಗಳವಾರ ಬೆಣ್ಣೆ ಸಾಹೇಬರು ಗುಂಡುಸೂಜಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರು. ಆಚೀಚೆ ನೋಡಿದರು. ದನಿ ತಗ್ಗಿಸಿದರು.

“ತಾಯಿಯವರಿಗೆ ಬಟ್ಟೆ ಜೋಡಿಸ್ಕೊಳ್ಳೋಕೆ ಹೇಳಿ, ಮೇಡಂ.”

“ಯಾಕೆ ಸಾರ್?”

“ಗುರುವಾರ ಬೆಳಗಿನ ಜಾವ ನಮ್ಮವರು ಸೇತುವೆ ಬಿಟ್ಟು ಹಿಂದೆ ಬರ್ತಾರೆ. ಸಂಜೆಗೇ ಜನ ಓಡಾಡಬಹುದು. ದೊಡ್ಡವರು ಸಹಿ ಹಾಕಿಬಿಟ್ಟಿದ್ದಾರೆ. ಇನ್ನೂ ಆಚೆಯವರಿಗೆ ತಿಳಿಸಿಲ್ಲ, ನಿಮ್ಮ ಹೊಟ್ಟೇಲೇ ಇರ್ಲಿ.”

ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸಂಜೆ ತಾಯಿಗೆ ಹೇಳಿದಳು. ತಾಯಿ ಎದ್ದು, ಮಂಚದ ಕೆಳಗಿನಿಂದ ಚೀಲ ಎಳೆದು, ಒಗೆದಿಟ್ಟ ಬಟ್ಟೆಗಳಲ್ಲಿ ಒಳ್ಳೆಯವನ್ನು ಆರಿಸಿ ಮಡಿಸತೊಡಗಿದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಕೊನೆಗೆ, “ಅಲ್ಲಿ ನನ್ನ ಗುರುತು ಹಿಡಿಯೋರು ಯಾರಾದ್ರೂ ಉಳಿದಿದ್ದಾರೋ ಇಲ್ವೋ,” ಎಂದಳು.

ಬುಧವಾರ ಸರಿ ತಾರೀಕು. ಹೇಳುವ ಸರದಿ ಇವಳದು. ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕೆಂದು ಒಂಬತ್ತಾಗುವ ತನಕ ಹಲ್ಲು ಕಚ್ಚಿಕೊಂಡಿದ್ದಳು. ‘ಇವತ್ತು ಬಸ್ಸು ತಡವಾಯಿತು’ ಎಂಬ ವಾಕ್ಯವನ್ನು ಸಿದ್ಧಮಾಡಿಯೂ ಇಟ್ಟುಕೊಂಡಿದ್ದಳು. ಆದರೆ ಆಚೆಯಿಂದ “ಹೇಳೇ ತಂಗಿ,” ಎಂಬ ದನಿ ಕೇಳಿದ್ದೇ ತಡ, ಬಸ್ಸು ಎಲ್ಲಿ ಹೋಯಿತೋ.

“ನಾಳೆ ಬೆಳಗಿನ ಜಾವ ನಮ್ಮ ಕಾವಲಿನವರು ಸೇತುವೆ ಬಿಟ್ಟು ಹಿಂದೆ ಬರ್ತಾರೆ. ನನ್ನ ಅಮ್ಮ ಚೀಲ ಕಟ್ಟಿಟ್ಟಿದ್ದಾಳೆ.”

ತಂತಿಯ ಗುಂಯ್ ಸದ್ದು ಮಾತ್ರ ಕೇಳಿಸುತ್ತಿತ್ತು. ಆಮೇಲೆ ಅಕ್ಕ ಒಂದೊಂದೇ ಪದ ಎಣಿಸಿದ ಹಾಗೆ ತಿರುಗಿ ಹೇಳಿದಳು. ಹೇಳಿ, ನಿಯಮ ಮೀರಿ ಕೇಳಿದಳು: “ನಿಜಾನೇನೆ?”

“ನನ್ನಾಣೆಗೂ ನಿಜ ಅಕ್ಕ.”

“ನನ್ನ ಮಗ ಆ ಸೇತುವೆ ಮೇಲೇ ಇದ್ದಾನೆ ಕಣೆ. ಇನ್ನಾದ್ರೂ ಮನೆಗೆ ಬರ್ತಾನೆ.” ಎಂದಳು ಅಕ್ಕ. “ನಾನು ನೀಲಿ ಕೊಡೆ ಹಿಡ್ಕೊಂಡಿರ್ತೀನಿ. ಬಿಸಿಲಿರಲಿ ಮಳೆ ಇರಲಿ ಬಿಚ್ಚಿಯೇ ಹಿಡಿದಿರ್ತೀನಿ. ಗುರುತು ಸಿಗುತ್ತೆ.”

ಗುರುವಾರ ಬೆಳಿಗ್ಗೆ ಎಂಟೂವರೆಗೆ ಕಚೇರಿಯ ಗೇಟಿನಲ್ಲಿ ಕಾಲಿಟ್ಟಾಗ ಕಾವಲುಗಾರನ ಗೂಡಿನಲ್ಲಿ ರೇಡಿಯೊ ಅರಚುತ್ತಿತ್ತು. ಸುತ್ತ ಹತ್ತು ಹನ್ನೆರಡು ಜನ. ಒಂದೇ ಒಂದು ಗುಂಡು ಹಾರಿಸದೆ ಸೇತುವೆ ಪೂರ್ತಿಯಾಗಿ ನಮ್ಮ ವಶವಾಯಿತು, ಎನ್ನುತ್ತಿತ್ತು ರೇಡಿಯೊ. ಬೆಳಗಿನ ಜಾವ ಆಚೆಯ ಕಾವಲಿನವರು ತಾವಾಗಿಯೇ ಹಿಂದೆ ಸರಿದರಂತೆ. ಈಚೆಯವರು ಸರಿಯಲಿಲ್ಲ, ಮುಂದಕ್ಕೆ ನಡೆದರಂತೆ. ಸೇತುವೆಯ ಆಚೆ ತುದಿಯಲ್ಲಿ, ಆ ಪೇಟೆಯ ಬಾಯಲ್ಲೇ, ನಮ್ಮ ಬಾವುಟ ನೆಟ್ಟರಂತೆ. ಉಳಿದುಕೊಂಡಿದ್ದ ಆಚೆಯ ಆರು ಮಂದಿಯನ್ನು ಹಿಡಿದು ತಂದಿದ್ದರು. ಯಾರೋ ಅವಳ ಕೈಯಲ್ಲಿ ಸಿಹಿ ಇಟ್ಟರು. ಅವಳು ಅದನ್ನು ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ತಿನ್ನಬೇಕೋ ಬಿಸಾಡಬೇಕೋ ತಿಳಿಯಲಿಲ್ಲ.

ಕೋಣೆಯಲ್ಲಿ ಬೆಣ್ಣೆ ಸಾಹೇಬರು ಆಗಲೇ ಬಂದು ನಿಂತಿದ್ದರು. ಇವತ್ತು ಕೈಯಲ್ಲಿ ಗುಂಡುಸೂಜಿಯ ಡಬ್ಬಿ ಇರಲಿಲ್ಲ.

“ಬನ್ನಿ ಮೇಡಂ, ಬನ್ನಿ! ನಿಮ್ಮಿಂದ ಆದ ಕೆಲಸ ಇದು. ಮೇಲಿನವರಿಗೆ ನಿಮ್ಮ ಹೆಸರು ಹೇಳಿದ್ದೀನಿ. ಬಡ್ತಿ ಗ್ಯಾರಂಟಿ.”

“ನಾನೇನು ಮಾಡಿದೆ ಸಾರ್?”

“ಅದೇ, ಹೇಳಿದಿರಲ್ಲ.”

ಅವಳು ಮೇಜಿನ ಅಂಚು ಹಿಡಿದುಕೊಂಡಳು. “ಹೊಟ್ಟೇಲೇ ಇರ್ಲಿ ಅಂದಿದ್ರಿ ನೀವು.”

“ಅಂದಿದ್ದೆ. ಹೇಳ್ತೀರಿ ಅಂತ ಗೊತ್ತಿದ್ದೇ ಅಂದಿದ್ದು.” ಸಾಹೇಬರು ನಕ್ಕರು. ಕೆಟ್ಟ ನಗುವೇನೂ ಅಲ್ಲ. ಚೆನ್ನಾಗಿ ಓದಿದ ಮಗುವನ್ನು ಮೆಚ್ಚುವ ಮೇಷ್ಟ್ರ ನಗು. “ನಮ್ಮ ಪತ್ರಾನ ಅವರು ನಂಬಲ್ಲ. ಮಂತ್ರಿಗಳು ಆಣೆ ಮಾಡಿದ್ರೂ ನಂಬಲ್ಲ. ಆದ್ರೆ ನೀವು ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸುಳ್ಳು ಹೇಳಿಲ್ಲ, ಮೇಡಂ. ಕೆಮ್ಮು ಅಂದ್ರೆ ಕೆಮ್ಮೇ, ಜ್ವರ ಅಂದ್ರೆ ಜ್ವರಾನೇ. ಅಂಥಾ ನಂಬಿಕೆ ಎಲ್ಲಿ ಸಿಗುತ್ತೆ ಹೇಳಿ? ಅವರು ನಿಮ್ಮ ತಾಯಿ ಚೀಲ ಕಟ್ಟಿದ್ದನ್ನ ನಂಬಿ ಸೇತುವೆ ಬಿಟ್ರು. ನಮಗಿಂತ ಮೊದಲು ತಾವೇ ಸರಿದ್ರೆ ಲೋಕದೆದುರು ದೊಡ್ಡೋರಾಗ್ತೀವಿ ಅಂದ್ಕೊಂಡ್ರು.”

“ಆಚೆಯಕ್ಕ ಅದನ್ನ ಹೋಗಿ ಅವರ ಸಾಹೇಬ್ರಿಗೆ ಹೇಳಿಬಿಟ್ರಾ?”

ಕೇಳುವಾಗ ಅವಳ ದನಿಯಲ್ಲಿ ಸಿಟ್ಟಿತ್ತು. ನನ್ನ ಮನೆಯ ಮಾತನ್ನು, ನನ್ನ ಅಮ್ಮನ ಚೀಲವನ್ನು ಒಯ್ದು ಯಾರ ಮೇಜಿನ ಮೇಲೋ ಇಟ್ಟಳಲ್ಲ, ಅಕ್ಕ ಅಕ್ಕ ಅಂತ ನಂಬಿದ್ದಕ್ಕೆ! ಒಂದು ಗಳಿಗೆ, ಒಂದೇ ಗಳಿಗೆ, ದ್ರೋಹ ಮಾಡಿದವಳು ಆಚೆ ದಡದಲ್ಲಿದ್ದಾಳೆ ಎಂದು ಅವಳಿಗೆ ಅನ್ನಿಸಿತು, ಎಷ್ಟೋ ಸಮಾಧಾನವೂ ಆಯಿತು.

ಸಾಹೇಬರು ಹುಬ್ಬೇರಿಸಿದರು. “ಯಾಕಮ್ಮ, ನೀವು ನನಗೆ ಹೇಳ್ತಿರಲಿಲ್ವಾ?”

ಮೂರು ವರ್ಷದ ಒಂಬತ್ತೂ ಹತ್ತುಗಳೆಲ್ಲ ಅವಳ ಕಣ್ಣ ಮುಂದೆ ಬಂದು ನಿಂತವು. ಅಕ್ಕನ ಮಗನನ್ನು ಗಡಿಗೆ ಹಾಕಿದ್ದು, ಅವನಿಗೆ ರಜೆ ಸಿಗದಿದ್ದು, ಸೇತುವೆಯ ಪಾಳಿ ರಾತ್ರಿಯದು ಎಂದು ಅಕ್ಕ ಗೊಣಗಿದ್ದು, ಎಲ್ಲವನ್ನೂ ಇದೇ ಬಾಗಿಲಲ್ಲಿ, ಇದೇ ನಗುಮುಖಕ್ಕೆ, ತಾನೇ ಬಿಡಿಸಿ ಬಿಡಿಸಿ ಹೇಳಿದ್ದಳು. ಅಲ್ಲಿಯೂ ಯಾರೋ ಒಬ್ಬ ನಯವಾದ ಮನುಷ್ಯ ಬಾಗಿಲಲ್ಲಿ ನಿಂತು ‘ತಂಗಿ ಹೇಗಿದ್ದಾಳಮ್ಮ?’ ಎಂದು ಕೇಳಿರಬೇಕು. ಅಕ್ಕನೂ ಸಂತೋಷದಿಂದಲೇ ಹೇಳಿರಬೇಕು, ಮಗ ಮನೆಗೆ ಬರುತ್ತಾನೆಂದು.

“ಆ ಆರು ಜನ...” ಎಂದಳು. “ಅವರ ಹೆಸರು ಏನಾದ್ರೂ ಗೊತ್ತಾ ಸಾರ್?”

“ಹೆಸರೆಲ್ಲ ನಮಗ್ಯಾಕೆ ಬಿಡಿ.”

ಅವಳಿಗೆ ಆ ಮನುಷ್ಯನ ಮುಖಕ್ಕೆ ಉಗಿಯಬೇಕೆನ್ನಿಸಿತು. ಉಗಿಯಲಿಲ್ಲ. ಇಪ್ಪತ್ತೆರಡು ವರ್ಷ ‘ಸಾರ್’ ಎಂದ ಬಾಯಿ ಅಷ್ಟು ಬೇಗ ತಿರುಗುವುದಿಲ್ಲ, ಅದೇ ಆ ಕುರ್ಚಿಯ ಶಾಪ. ಕೈಯಲ್ಲಿದ್ದ ಸಿಹಿಯನ್ನು ರಿಜಿಸ್ಟರಿನ ಪಕ್ಕಕ್ಕಿಟ್ಟಳು. ಬೆರಳಿಗೆ ಅಂಟಿದ್ದನ್ನು ಕರವಸ್ತ್ರದಿಂದ ಒರೆಸುತ್ತಿರುವಾಗ ಗಡಿಯಾರ ಒಂಬತ್ತು ತೋರಿಸಿತು. ಫೋನು ಬಡಿದುಕೊಂಡಿತು.

ಬೆಸ ತಾರೀಕು. ಅಕ್ಕನ ಸರದಿ.

“ಎತ್ತಿ ಮೇಡಂ,” ಎಂದರು ಸಾಹೇಬರು, ಕುತೂಹಲದಿಂದ.

ಎತ್ತಿದಳು. ಆಚೆ ತುದಿಯಲ್ಲಿ ಉಸಿರು ಕೇಳಿಸಿತು. ಇಪ್ಪತ್ತೆರಡು ವರ್ಷ ಕೇಳಿದ ಉಸಿರು, ಎಲ್ಲಿದ್ದರೂ ಗುರುತು ಹಿಡಿಯಬಲ್ಲಳು. “ಅಕ್ಕಾ,” ಎಂದಳು, “ಅಕ್ಕಾ, ನಾನು...”

“ಇವತ್ತು ನನ್ನ ಸರದಿ,” ಎಂದಿತು ದನಿ. ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಪ್ರತಿದಿನದ ಹಾಗೆ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿತು: “ನನ್ನ ಮಗನನ್ನು ಹಿಡಿದುಕೊಂಡು ಹೋದರು. ನನ್ನ ತಂಗಿ ನನಗೆ ಸುಳ್ಳು ಹೇಳಿದಳು.”

ತಂತಿ ಗುಂಯ್ಗುಟ್ಟಿತು. ಅಕ್ಕ ಕಾಯುತ್ತಿದ್ದಳು. ಬೇರೆ ಏನನ್ನು ಹೇಳಿದರೂ ಅವಳು ಕೇಳುವವಳಲ್ಲ, ತಿರುಗಿ ಹೇಳುವ ತನಕ ಅಲ್ಲಿಂದ ಕದಲುವವಳೂ ಅಲ್ಲ. ಪಕ್ಕದಲ್ಲಿ ಸಾಹೇಬರು ಕತ್ತು ಮುಂದಕ್ಕೆ ಚಾಚಿದ್ದರು.

“ನನ್ನ ಮಗನನ್ನು ಹಿಡಿದುಕೊಂಡು ಹೋದರು,” ಎಂದಳು ಇವಳು. ಆಮೇಲೆ ಉಳಿದದ್ದನ್ನೂ ಹೇಳಿದಳು, ಒಂದಕ್ಷರ ಬಿಡದೆ. “ನನ್ನ ತಂಗಿ ನನಗೆ ಸುಳ್ಳು ಹೇಳಿದಳು.”

“ಸ್ಪಷ್ಟ,” ಎಂದಳು ಅಕ್ಕ. ಫೋನು ಇಟ್ಟ ಸದ್ದಾಯಿತು.

ಆ ಸಂಜೆ ತಾಯಿ ಹೊಸಿಲ ಬಳಿಯೇ ಕೂತಿದ್ದಳು, ಚೀಲ ಮಡಿಲಲ್ಲಿತ್ತು. ಅಕ್ಕಪಕ್ಕದವರು ಸುದ್ದಿ ಹೇಳಿಯಾಗಿತ್ತು. ಆದರೂ ಬಾಯಿ ಅಭ್ಯಾಸ ಬಿಡಲಿಲ್ಲ.

“ಇವತ್ತೇನಂತೆ ನಿನ್ನ ಅಕ್ಕಂದು?”

ಮಗಳು ಹೇಳಿದಳು. ಎರಡೇ ವಾಕ್ಯ, ಮೂರನೆಯ ಸಲ.

ತಾಯಿ ಅವಳ ಕಡೆ ತಿರುಗಿದಳು. “ನೀನು ಹೇಳಿದ್ಯೇನೆ, ಸುಳ್ಳು?”

“ಹೇಳಿದೆ ಅಮ್ಮ. ನಿಜ ಅಂದ್ಕೊಂಡು ಹೇಳಿದೆ.”

“ನಿಜ ಅಂದ್ಕೊಂಡಿದ್ದು ಅವಳಿಗೆ ಗೊತ್ತಾ?”

ತಾಯಿ ಚೀಲದಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ಮಡಿಕೆ ಕೆಡದ ಹಾಗೆ ಪಕ್ಕಕ್ಕಿಟ್ಟಳು. “ನಾಳೆ ನಿನ್ನ ಸರದಿ ಅಲ್ವಾ,” ಎಂದಳು. “ಮೊದಲು ಅದನ್ನ ಹೇಳು.”

ಶುಕ್ರವಾರ ಗಡಿಯಾರದ ಮುಳ್ಳು ಒಂಬತ್ತಕ್ಕೆ ಬರುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ವಾಕ್ಯವನ್ನು ರಾತ್ರಿಯೆಲ್ಲ ತಿದ್ದಿ ತೀಡಿ ಚಿಕ್ಕದು ಮಾಡಿಕೊಂಡಿದ್ದಳು. ಫೋನು ಎತ್ತಿದಳು. ಆಚೆ ತಕ್ಷಣವೇ ಯಾರೋ ಎತ್ತಿಕೊಂಡರು.

“ನನಗೆ ಗೊತ್ತಿರಲಿಲ್ಲ. ನನಗೂ ಸುಳ್ಳು ಹೇಳಿದರು,” ಎಂದಳು ಒಂದೇ ಉಸಿರಿಗೆ. ತಿರುಗಿ ಬರುವ ಮಾತಿಗೆ ಕಾದಳು.

“ಯಾರು ಮಾತಾಡ್ತಿರೋದು?” ಗಂಡಸಿನ ದನಿ, ಹರೆಯದ್ದು. “ಪುಟ ಮೂರು ಓದಿ.”

“ನಿನ್ನೆ ತನಕ ಅಲ್ಲಿ ಒಬ್ರು ಇದ್ರಲ್ಲ, ಅವರು...”

“ಪುಟ ಮೂರು ಓದಿ, ಮೇಡಂ.”

“ಓದ್ತೀನಪ್ಪ. ನಾನು ಈಗ ಹೇಳಿದೆನಲ್ಲ, ಅದನ್ನೊಂದು ಸಲ ತಿರುಗಿ ಹೇಳಿಬಿಡು. ಅಷ್ಟು ಸಾಕು. ಇಲ್ಲಿ ಹಾಗೇನೇ ನಡ್ಕೊಂಡು ಬಂದಿರೋದು.”

“ಹಾಗೆ ಯಾವ ನಿಯಮಾನೂ ಇಲ್ಲ,” ಎಂದಿತು ದನಿ. ಮತ್ತೆ ತಾನೇ ಶುರುಮಾಡಿತು: “ಒಂದು. ಎರಡು. ಮೂರು.”

ಇಪ್ಪತ್ತರವರೆಗೆ ಕೇಳಿದಳು. ಹವಾಮಾನದ ಮೂರು ವಾಕ್ಯವನ್ನೂ ಕೇಳಿದಳು. ಒಂದಕ್ಷರವೂ ತಪ್ಪಿರಲಿಲ್ಲ. ಫೋನು ಇಟ್ಟು, ರಿಜಿಸ್ಟರು ಬಿಚ್ಚಿ, ತಾರೀಕು ಬರೆದು, ಅದರ ಮುಂದೆ ‘ಮಾರ್ಗ ಕೆಟ್ಟಿದೆ’ ಎಂದು ಬರೆದು ಸಹಿ ಹಾಕಿದಳು.

ಒಂಬತ್ತೂ ಹತ್ತಕ್ಕೆ ಬೆಣ್ಣೆ ಸಾಹೇಬರು ಬಾಗಿಲಲ್ಲಿ ಇಣುಕಿದರು. “ಆಚೆ ಏನಂತೆ ಮೇಡಂ?”

ಅವಳು ತಲೆ ಎತ್ತಲಿಲ್ಲ, ರಿಜಿಸ್ಟರನ್ನು ಅವರ ಕಡೆ ತಿರುಗಿಸಿ ಸರಿಸಿದಳು. ಸಾಹೇಬರು ಓದಿದರು, ಮುಖ ಗಂಟಿಕ್ಕಿದರು, ಇಂಥ ಸಮಯದಲ್ಲಿ ಇದೊಂದು ಎಂದು ಗೊಣಗುತ್ತ ಓಡಿದರು. ಹನ್ನೊಂದಕ್ಕೆ ಲೈನ್‌ಮನ್ ಬಂದ. ಫೋನಿನ ತಳ ಬಿಚ್ಚಿದ, ತಿರುಪುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಒಂದೊಂದೇ ತಂತಿಯನ್ನು ಮುಟ್ಟಿ ನೋಡಿದ, ಗೋಡೆಯ ಪೆಟ್ಟಿಗೆ ತೆಗೆದು ಅಲ್ಲಿಯೂ ನೋಡಿದ.

“ಎಲ್ಲ ಸರಿಯಾಗೇ ಇದೆಯಲ್ಲ ಮೇಡಂ. ಏನಾಗಿದೆ ಅಂತ ಬರೆದ್ರಿ?”

“ನಾನು ಹೇಳಿದ್ದು ಆ ಕಡೆ ಹೋಗ್ತಿಲ್ಲಪ್ಪ,” ಎಂದಳು. “ಇನ್ನೊಂದು ಸಲ ನೋಡು.”